ಎಂಟು ತಿಂಗಳ ಹೆಬ್ಬಾವಿನ ಮರಿ ಕೈ ಕಂಡರೆ ಕಚ್ಚುತ್ತದೆ. ಪಳಗಿಸುವುದು ಹೇಗೆ?

ಶರಾವತಿ ತೀರ (ಮೆಲ್ಬರ್ನ್)
ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಕಡೆಯವರು, ಹನ್ನೊಂದು ವರ್ಷದಿಂದ ಮೆಲ್ಬರ್ನಿನಲ್ಲಿದ್ದೇವೆ. ನನ್ನ ಮಗನಿಗೆ ಈಗ 15 ವರ್ಷ. ಮೂರನೆಯ ತರಗತಿಯಿಂದಲೂ ಅವನಿಗೆ ಹಾವೆಂದರೆ ಪ್ರಾಣ. ಎರಡು ವರ್ಷ ಬೆನ್ನುಬಿದ್ದು ನಮ್ಮನ್ನು ಒಪ್ಪಿಸಿದ. ಲೈಸೆನ್ಸ್ ಮಾಡಿಸಿ, ಮರಿ ಮಾಡಿಸಿ ಮಾರುವವರೊಬ್ಬರಿಂದ ಜಂಗಲ್ ಕಾರ್ಪೆಟ್ ಜಾತಿಯ ಹೆಬ್ಬಾವಿನ ಮರಿಯೊಂದನ್ನು ಐದು ವಾರದ ಹಿಂದೆ ತಂದೆವು. ಎಂಟು ತಿಂಗಳ ಮರಿ, ಮುಕ್ಕಾಲು ಮೀಟರ್ ಉದ್ದ, ನನ್ನ ಹೆಬ್ಬೆರಳಿಗಿಂತ ಸ್ವಲ್ಪ ತೆಳು. ಕಪ್ಪು ಮೈಗೆ ಅರಿಶಿನ ಬಳಿದಂಥ ಪಟ್ಟೆಗಳು. ಬಂಗಾರಿ ಎಂದು ಹೆಸರಿಟ್ಟಿದ್ದಾನೆ.

ಬಂದ ದಿನದಿಂದ ಇಂದಿನವರೆಗೆ ಅದು ಮಗನನ್ನು 11 ಸಲ ಕಚ್ಚಿದೆ. ವಿಷವಿಲ್ಲ, ನಿಜ. ಆದರೆ ಪ್ರತಿ ಸಲವೂ ಸೂಜಿಯಲ್ಲಿ ಚುಚ್ಚಿದಂತೆ ಕೆಂಪು ಚುಕ್ಕೆಗಳ ಸಾಲು, ರಕ್ತ. ಪೆಟ್ಟಿಗೆಯ ಮುಂದೆ ಯಾರಾದರೂ ನಡೆದು ಹೋದರೆ ಸಾಕು, ಕುತ್ತಿಗೆಯನ್ನು ಹಿಂದಕ್ಕೆ ಮಡಚಿ ಗಾಜಿಗೆ ಬಡಿಯುತ್ತದೆ. ನಿನ್ನೆ ಹಾಗೆ ಬಡಿದು ಮೂತಿಗೆ ಗಾಯ ಮಾಡಿಕೊಂಡಿದೆ. ಅದನ್ನು ನೋಡಿದ ಮಗ ಒಂದು ಮಾತೂ ಆಡದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಮ್ಮವರು ವಾಪಸ್ ಕೊಟ್ಟುಬಿಡೋಣ ಎನ್ನುತ್ತಿದ್ದಾರೆ. ಮುಂದಿನ ತಿಂಗಳು ಅತ್ತೆಯವರು ಊರಿನಿಂದ ಬರುತ್ತಾರೆ, ಅದು ಇನ್ನೊಂದು ಚಿಂತೆ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ, ಇದೂ ಹಾಗೆಯೇ? ಸಾಕಿ ಗೊತ್ತಿರುವವರು ದಯವಿಟ್ಟು ಹೇಳಿ.

ಹುತ್ತದ ಮಣ್ಣು (ಬ್ರಿಸ್ಬೇನ್)
ಪೆಟ್ಟಿಗೆ ಮನೆಯಲ್ಲಿ ಎಲ್ಲಿದೆ? ಒಳಗೆ ಅಡಗಲು ಎಷ್ಟು ಜಾಗವಿದೆ? ಬಿಸಿ ಎಷ್ಟು ಡಿಗ್ರಿ? ದಿನಕ್ಕೆ ಎಷ್ಟು ಸಲ ಎತ್ತುತ್ತಾನೆ? ಕೊನೆಯ ಸಲ ತಿಂದದ್ದು ಯಾವಾಗ? ಈ ಐದಕ್ಕೆ ಉತ್ತರ ಕೊಡಿ, ಆಮೇಲೆ ಪಳಗಿಸುವ ಮಾತು.

ಬಯಲುಸೀಮೆ (ಚಿತ್ರದುರ್ಗ)
ಕಚ್ಚುವ ಹಾವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಕರ್ಮವಾದರೂ ಏಕೆ? ನಾಯಿ ಸಾಕಿ.

ಶರಾವತಿ ತೀರ
ಹುತ್ತದ ಮಣ್ಣು ಅವರೇ, ಪೆಟ್ಟಿಗೆ ಹಾಲ್‌ನಲ್ಲಿ ಟಿವಿಯ ಪಕ್ಕ ಇದೆ. ನಾಲ್ಕೂ ಕಡೆ ಗಾಜು. ಒಳಗೆ ಒಂದು ಮರದ ತೊಗಟೆ, ನೀರಿನ ಬಟ್ಟಲು, ಒಂದು ಕೊಂಬೆ. ಬಿಸಿಗೆ ಗಾಜಿನ ಹೊರಗೆ ಅಂಟಿಸುವ ಥರ್ಮಾಮೀಟರ್ ಇದೆ, 27 ತೋರಿಸುತ್ತದೆ. ತಂದ ದಿನವೇ ಕೈಗೆ ತೆಗೆದುಕೊಂಡ. ಅಂದಿನಿಂದ ಬೆಳಿಗ್ಗೆ ಒಮ್ಮೆ, ಶಾಲೆಯಿಂದ ಬಂದ ಮೇಲೆ ಒಮ್ಮೆ. ರೂಢಿಯಾಗಲಿ ಎಂದು ಅವನೇ ಹಾಗೆ ಮಾಡುತ್ತಿದ್ದಾನೆ. ಮೊದಲ ಎರಡು ವಾರ ಇಲಿಮರಿ ತಿಂದಿತು, ಆಮೇಲೆ ಮುಟ್ಟಿಲ್ಲ. ಈಗ ನಾಲ್ಕು ದಿನದಿಂದ ಕಣ್ಣು ನೀಲಿಗಟ್ಟಿದ ಹಾಗಿದೆ. ಕುರುಡಾಗುತ್ತಿದೆಯೇ ಎಂಬ ಭಯವೂ ಶುರುವಾಗಿದೆ.

ಹುತ್ತದ ಮಣ್ಣು (ಬ್ರಿಸ್ಬೇನ್)
ಅಕ್ಕಾ, ಮೊದಲು ಉಸಿರು ಬಿಡಿ. ಕುರುಡಲ್ಲ, ಪೊರೆ ಬಿಡಲು ಹೊರಟಿದೆ. ಹಾವಿಗೆ ಕಣ್ಣುರೆಪ್ಪೆ ಇಲ್ಲ, ಕಣ್ಣಿನ ಮೇಲೂ ಒಂದು ಪಾರದರ್ಶಕ ಹುರುಪೆ ಇರುತ್ತದೆ, ಪೊರೆಯ ಜೊತೆಗೆ ಅದೂ ಕಳಚಿಕೊಳ್ಳುತ್ತದೆ. ಆ ಕೆಲವು ದಿನ ಅದಕ್ಕೆ ಎಲ್ಲವೂ ಮಂಜು ಮಂಜು. ಮಂಜಿನೊಳಗಿಂದ ದೊಡ್ಡದೊಂದು ಬಿಸಿ ಆಕಾರ ಮೇಲಿನಿಂದ ಇಳಿದು ಬಂದರೆ ಯಾರು ತಾನೇ ಸುಮ್ಮನಿರುತ್ತಾರೆ? ಈ ದಿನಗಳಲ್ಲಿ ತಿನ್ನದಿರುವುದೂ ಸಹಜ. ಪೊರೆ ಪೂರ್ತಿ ಬಿಡುವವರೆಗೆ ಯಾರೂ ಮುಟ್ಟಬೇಡಿ.

ನಾನು ಹನ್ನೆರಡು ವರ್ಷದಿಂದ ಕಾರ್ಪೆಟ್ ಪೈಥಾನ್‌ಗಳನ್ನು ಸಾಕುತ್ತಿದ್ದೇನೆ. ಜಂಗಲ್ ಕಾರ್ಪೆಟ್ ಮರಿಗಳು ಕಚ್ಚುವುದಕ್ಕೆ ಹೆಸರುವಾಸಿ, ನಿಮ್ಮದೇನೂ ಕೆಟ್ಟ ಮರಿಯಲ್ಲ. ಅವುಗಳ ಊರು ಉತ್ತರ ಕ್ವೀನ್ಸ್‌ಲ್ಯಾಂಡಿನ ಮಳೆಕಾಡು. ಅಲ್ಲಿ ಹೆಬ್ಬೆರಳು ಗಾತ್ರದ ಹಾವಿನ ಮರಿಯನ್ನು ಹಕ್ಕಿಯೂ ತಿನ್ನುತ್ತದೆ, ಉಡವೂ ತಿನ್ನುತ್ತದೆ. ಮೇಲಿನಿಂದ ಬರುವುದೆಲ್ಲ ಸಾವು ಎಂದು ತಿಳಿದ ಮರಿಯೇ ಬದುಕಿ ಉಳಿಯುವುದು. ಬಂಗಾರಿಗೆ ಸಿಟ್ಟಿಲ್ಲ, ಜೀವಭಯ. ಸಿಟ್ಟು ಎಂದುಕೊಂಡರೆ ನಾವು ಗೆಲ್ಲಲು ಹೋಗುತ್ತೇವೆ, ಭಯ ಎಂದುಕೊಂಡರೆ ಮಾಡುವ ಕೆಲಸವೇ ಬೇರೆ.

ನೀವು ಬರೆದದ್ದರಲ್ಲೇ ಎಲ್ಲ ಕಾರಣವೂ ಇದೆ. ಟಿವಿಯ ಪಕ್ಕ, ನಾಲ್ಕೂ ಕಡೆ ಗಾಜು, ಅಡಗಲು ಒಂದೇ ತೊಗಟೆ: ಸಂತೆಯ ನಡುವೆ ಬೆತ್ತಲೆ ನಿಲ್ಲಿಸಿದ ಹಾಗೆ. ಇಂದೇ ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ. ಸಾಧ್ಯವಾದರೆ ಪೆಟ್ಟಿಗೆಯನ್ನು ಮಗನ ಕೋಣೆಗೆ, ಸೊಂಟಕ್ಕಿಂತ ಎತ್ತರದಲ್ಲಿಡಿ. ಬಿಸಿ ಕಡೆಗೊಂದು, ತಂಪು ಕಡೆಗೊಂದು ಎಂದು ಎರಡು ಅಡಗುತಾಣ ಬೇಕು, ಮೈ ಎಲ್ಲ ಕಡೆ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಬೇಕು. ಬಿಸಿ ಕಡೆ 32 ಡಿಗ್ರಿ, ತಂಪು ಕಡೆ 25ರ ಆಸುಪಾಸು. ಥರ್ಮೋಸ್ಟಾಟ್ (ಬಿಸಿಯನ್ನು ತಾನೇ ಹತೋಟಿಯಲ್ಲಿಡುವ ಸಾಧನ) ಇಲ್ಲದೆ ಬಿಸಿದೀಪ ಉರಿಸಲೇಬೇಡಿ. ಗಾಜಿನ ಹೊರಗೆ ಅಂಟಿಸಿದ ಥರ್ಮಾಮೀಟರ್ ಗಾಜಿನ ಬಿಸಿ ಹೇಳುತ್ತದೆ, ಹಾವು ಮಲಗುವ ಜಾಗದ್ದನ್ನಲ್ಲ. ನೆಲದಲ್ಲಿಡುವ ತಂತಿಯ ಥರ್ಮಾಮೀಟರ್ ತನ್ನಿ.

ಆಮೇಲೆ ಎರಡು ವಾರ ಕೈ ಒಳಗೆ ಹೋಗಕೂಡದು. ನೀರು ಬದಲಿಸಲು, ಗಲೀಜು ತೆಗೆಯಲು ಮಾತ್ರ. ಸತತ ಮೂರು ಸಲ ತಿಂದು ಜೀರ್ಣಿಸಿಕೊಂಡ ಮೇಲೆ ಇಲ್ಲಿಗೆ ಬಂದು ಬರೆಯಿರಿ.

ಡಲ್ಲಾಸ್ ಕನ್ನಡಿಗ
ಪೆಟ್ಟಿಗೆಯ ವಿಚಾರ ಒಪ್ಪುತ್ತೇನೆ. ಆದರೆ ಎರಡು ವಾರ ಮುಟ್ಟದೆ ಕೂತರೆ ಪಳಗುವುದು ಯಾವಾಗ? ನನ್ನ ಬಳಿ ಎರಡು ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು), ಒಂದು ಕಾರ್ನ್ ಸ್ನೇಕ್ (ಅಮೆರಿಕದ ವಿಷವಿಲ್ಲದ ಹಾವು) ಇವೆ. ಕಾರ್ನ್ ಸ್ನೇಕ್ ಮೊದಲ ತಿಂಗಳು ಕೈ ಕಂಡರೆ ಬಾಲ ಅಲ್ಲಾಡಿಸಿ ಕಚ್ಚುತ್ತಿತ್ತು. ಕಚ್ಚಿದರೂ ಬಿಡಲಿಲ್ಲ, ಶಾಂತವಾಗುವವರೆಗೆ ಕೈಯಲ್ಲೇ ಇಟ್ಟುಕೊಂಡೆ. ಮೂರನೆಯ ವಾರಕ್ಕೆ ಸರಿಹೋಯಿತು. ಕಚ್ಚಿದ ಕೂಡಲೇ ವಾಪಸ್ ಇಟ್ಟರೆ, ಕಚ್ಚಿದರೆ ಮನುಷ್ಯ ಹೋಗುತ್ತಾನೆ ಎಂಬ ಪಾಠ ಅದಕ್ಕೆ ಆಗುತ್ತದೆ. ಅದೇ ದೊಡ್ಡ ತಪ್ಪು.

ಹುತ್ತದ ಮಣ್ಣು (ಬ್ರಿಸ್ಬೇನ್)
ಕಾರ್ನ್ ಸ್ನೇಕ್ ಬೇರೆ, ಜಂಗಲ್ ಕಾರ್ಪೆಟ್ ಬೇರೆ. ಅಂದಹಾಗೆ ಆಸ್ಟ್ರೇಲಿಯಾದಲ್ಲಿ ಕಾರ್ನ್ ಸ್ನೇಕ್ ಸಾಕುವುದು ಕಾನೂನುಬಾಹಿರ, ನಿಮ್ಮ ಮಾತು ಕೇಳಿ ಯಾರೂ ಹುಡುಕಿಕೊಂಡು ಹೋಗಬೇಡಿ.

ಶಾಂತವಾಗುವವರೆಗೆ ಹಿಡಿದಿಡುವುದರ ಬಗ್ಗೆ ನನಗೆ ಬಲವಾದ ತಕರಾರಿದೆ. ನೀವು ಶಾಂತಿ ಎಂದುಕೊಂಡದ್ದು ಸೋಲಾಗಿರಬಹುದು. ಮೊದಮೊದಲು ನಾನೂ ಹಾಗೆಯೇ ಮಾಡಿದೆ. ಹಾವು ಮುದುಡಿ, ತಲೆ ಮೈಯೊಳಗೆ ಬಚ್ಚಿಟ್ಟು, ಕಲ್ಲಿನ ಹಾಗೆ ಕೂರುತ್ತಿತ್ತು. ನಾಲಿಗೆ ಹೊರಗೆ ಬರುತ್ತಿರಲಿಲ್ಲ. ಪಳಗಿತು ಎಂದು ಸಂಭ್ರಮಪಟ್ಟೆ. ಆರು ವಾರ ಊಟ ಬಿಟ್ಟಿತು. ಹಾವಿನ ಮನಸ್ಸು ತಿಳಿಯಬೇಕಾದರೆ ನಾಲಿಗೆ ನೋಡಬೇಕು. ನಿಧಾನವಾಗಿ, ಉದ್ದಕ್ಕೆ ಚಾಚಿ, ಮೇಲೆ ಕೆಳಗೆ ಆಡಿಸುತ್ತಿದ್ದರೆ ಅದು ನಿಮ್ಮನ್ನು ವಿಚಾರಿಸಿಕೊಳ್ಳುತ್ತಿದೆ. ನಾಲಿಗೆ ಒಳಗೇ ಇದ್ದರೆ ವಿಚಾರಣೆ ನಿಂತಿದೆ ಎಂದರ್ಥ.

ಡಲ್ಲಾಸ್ ಕನ್ನಡಿಗ
ಚೆಂಡಿನ ಹಾಗೆ ಮುದುಡಿ ಕೂರುವುದು ಬಾಲ್ ಪೈಥಾನ್‌ನ ಸ್ವಭಾವವೇ ಅಲ್ಲವೇ? ಆ ಹೆಸರು ಬಂದದ್ದೇ ಅದಕ್ಕೆ.

ಹುತ್ತದ ಮಣ್ಣು (ಬ್ರಿಸ್ಬೇನ್)
ಹೌದು, ಹೆದರಿದಾಗ! ನೀವೇ ಉತ್ತರ ಕೊಟ್ಟಿರಿ.

ಕೆಂಪು ಹೆಂಚು (ಬರ್ಮಿಂಗ್‌ಹ್ಯಾಮ್)
ಇಲ್ಲಿ ಅದನ್ನೇ ರಾಯಲ್ ಪೈಥಾನ್ ಎನ್ನುತ್ತೇವೆ. ಮೊದಲು ನಾನು ಎರಡು ಬೇರೆ ಬೇರೆ ಹಾವು ಎಂದುಕೊಂಡಿದ್ದೆ.

ಕೆರೆಯಂಗಳ (ಬೆಂಗಳೂರು)
ನಾನು ಮನೆ, ಅಂಗಳಗಳಿಗೆ ಬಂದ ಹಾವುಗಳನ್ನು ಹಿಡಿದು ಅರಣ್ಯ ಇಲಾಖೆಯವರ ಜೊತೆ ಹೋಗಿ ಬಿಡುವ ಕೆಲಸದಲ್ಲಿದ್ದೇನೆ. ಈ ಚರ್ಚೆ ಓದಿ ಸುಮ್ಮನಿರಲಾಗಲಿಲ್ಲ. ಕರ್ನಾಟಕದಲ್ಲಿ ಕುಳಿತು ಇದನ್ನು ಓದುವ ಹುಡುಗರಿಗೆ ನೇರವಾಗಿ ಹೇಳುತ್ತೇನೆ: ಇಲ್ಲಿ ಹೇಳುತ್ತಿರುವ ಯಾವುದನ್ನೂ ನಮ್ಮ ಹಾವುಗಳ ಮೇಲೆ ಪ್ರಯೋಗಿಸಬೇಡಿ. ನಾಗರಹಾವು, ಹೆಬ್ಬಾವು, ಕೇರೆ ಹಾವು, ಇವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಒಂದನೇ ಅನುಸೂಚಿಯ ಪ್ರಾಣಿಯಾದರೆ ಮೂರರಿಂದ ಏಳು ವರ್ಷ ಜೈಲು. ಹೊರದೇಶದ ಹಾವು ತಂದಿದ್ದೇವೆ ಎಂದರೂ ಬಿಡುವಂತಿಲ್ಲ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಎಂದು 2024ರಲ್ಲಿ ನಿಯಮ ಬಂದಿದೆ. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ.

ಕಾನೂನಿಗಿಂತ ದೊಡ್ಡದು ಪ್ರಾಣ. ಕಳೆದ ಮಳೆಗಾಲ ಕಾಲೇಜು ಹುಡುಗನೊಬ್ಬ ಒಂದು ಮರಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಬಂದು, ವಿಷವಿಲ್ಲದ ತೋಳ ಹಾವು ಸಾರ್, ಪಳಗಿಸುತ್ತಿದ್ದೇನೆ, ಎರಡು ದಿನದಿಂದ ಕೈಯಲ್ಲಿ ಆಡಿಸುತ್ತಿದ್ದೇನೆ ಎಂದ. ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಕಡು ವಿಷದ ಕಟ್ಟು ಹಾವಿನ ಮರಿ. ಬೆನ್ನಿನ ಮೇಲೆ ಷಟ್ಕೋನದ ದೊಡ್ಡ ಹುರುಪೆಗಳ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಅವನಿಗೆ ಅದನ್ನು ತೋರಿಸುವಾಗ ನನ್ನ ಕೈ ನಡುಗುತ್ತಿತ್ತು. ಕಟ್ಟು ಹಾವು ಹಗಲು ಎಷ್ಟು ಸಾಧುವೋ ರಾತ್ರಿ ಅಷ್ಟೇ ಅಪಾಯ. ಕಚ್ಚಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು ಎಂದು ಆದೇಶವಾದದ್ದು ಸುಮ್ಮನೆ ಅಲ್ಲ.

ನನ್ನ ವೈಯಕ್ತಿಕ ಅಭಿಪ್ರಾಯ ಕೇಳಿದರೆ, ಹಾವು ಸಾಕುವ ಪ್ರಾಣಿಯೇ ಅಲ್ಲ.

ಶರಾವತಿ ತೀರ
ಕೆರೆಯಂಗಳ ಅವರೇ, ನಿಮ್ಮ ಎಚ್ಚರಿಕೆ ಸರಿಯಾಗಿದೆ. ಆದರೆ ಬಂಗಾರಿ ಕಾಡಿನಿಂದ ತಂದದ್ದಲ್ಲ. ಅದರ ತಾಯಿಯೂ ಸಾಕಣೆಯಲ್ಲೇ ಹುಟ್ಟಿದ್ದು. ಈಗ ಬಿಟ್ಟರೂ ಬದುಕುವುದಿಲ್ಲ, ಬಿಡುವಂತೆಯೂ ಇಲ್ಲ. ಬಂದ ಜೀವವನ್ನು ಚೆನ್ನಾಗಿ ನೋಡಿಕೊಳ್ಳುವುದು ಹೇಗೆ ಎಂಬುದೊಂದೇ ನನ್ನ ಮುಂದಿರುವ ಪ್ರಶ್ನೆ.

ಕೆರೆಯಂಗಳ (ಬೆಂಗಳೂರು)
ಹಾಗಾದರೆ ಒಂದೇ ವಿನಂತಿ. ಮಗ ಅದರ ವಿಡಿಯೋ ಮಾಡಿ ಹಾಕಿದರೆ, ಇದು ವಿಷವಿಲ್ಲದ, ಸಾಕಣೆಯಲ್ಲಿ ಹುಟ್ಟಿದ ಹಾವು ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಲಿ.

ಅಡಕೆ ಚಪ್ಪರ (ತೀರ್ಥಹಳ್ಳಿ)
ನಾನು ನಿವೃತ್ತ ಮೇಷ್ಟ್ರು, ಹಾವು ಸಾಕಿದವನಲ್ಲ. ಆದರೆ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಒಂದು ಕೇರೆ ಹಾವು ಬಹಳ ವರ್ಷ ಇತ್ತು. ಅಜ್ಜಿ ಭತ್ತ ತೆಗೆಯಲು ಅಟ್ಟ ಹತ್ತುವ ಮೊದಲು ಏಣಿಗೆ ಮೂರು ಸಲ ತಟ್ಟುತ್ತಿದ್ದಳು. ಮೇಲೆ ಸರಸರ ಸದ್ದಾಗುತ್ತಿತ್ತು, ಅದು ತೊಲೆಯ ಆಚೆ ಸರಿದು ಹೋಗುತ್ತಿತ್ತು. ಒಂದು ದಿನ ನಾನು ತಟ್ಟದೆ ಹತ್ತಿದೆ, ಹತ್ತು ವರ್ಷದ ಹುಡುಗ. ಕಣ್ಣಿಗೆ ಒಂದು ಗೇಣು ದೂರದಲ್ಲಿ ಅದರ ಮುಖ. ಕುತ್ತಿಗೆ ಉಬ್ಬಿಸಿ ಎಂಥದೋ ಗೊರಗೊರ ಶಬ್ದ ಮಾಡಿತು. ನಾನು ಏಣಿಯಿಂದ ಬಿದ್ದೆ. ಅಜ್ಜಿ ನನಗೆ ಬೈದಳೇ ಹೊರತು ಹಾವಿಗೆ ಬೈಯಲಿಲ್ಲ. ಹೇಳದೆ ಕೇಳದೆ ಅವರ ಮನೆಗೆ ಹೋದದ್ದು ನೀನು ಎಂದಳು.

ತಂಗೀ, ನಿಮ್ಮ ಹುಡುಗನೂ ಕೈ ಹಾಕುವ ಮೊದಲು ತಟ್ಟಲಿ.

ಹುತ್ತದ ಮಣ್ಣು (ಬ್ರಿಸ್ಬೇನ್)
ಮೇಷ್ಟ್ರೇ, ನಿಮ್ಮ ಅಜ್ಜಿ ಮಾಡುತ್ತಿದ್ದದ್ದನ್ನೇ ನಾವು ಇಲ್ಲಿ ಕೊಕ್ಕೆ ಅಭ್ಯಾಸ ಎನ್ನುತ್ತೇವೆ! ಹೆಬ್ಬಾವಿನ ತುಟಿಯ ಅಂಚಿನಲ್ಲಿ ಸಣ್ಣ ಸಣ್ಣ ಕುಳಿಗಳಿರುತ್ತವೆ, ಅವು ಬಿಸಿಯನ್ನು ಗ್ರಹಿಸುತ್ತವೆ. ಬಾಗಿಲು ತೆರೆಯಿತು, ಬಿಸಿಯಾದದ್ದೇನೋ ಬಂತು ಎಂದರೆ ಅದಕ್ಕೆ ಎರಡೇ ಅರ್ಥ: ಊಟ, ಇಲ್ಲವೇ ಶತ್ರು. ಎರಡಕ್ಕೂ ಉತ್ತರ ಬಾಯಿಯೇ. ಅದಕ್ಕೇ ಕೈಗಿಂತ ಮೊದಲು ತಣ್ಣಗಿನ ವಸ್ತುವೊಂದು ಹೋಗಬೇಕು. ಹಾವಿನ ಕೊಕ್ಕೆಯಾಗಲಿ, ಕಾಗದದ ಸುರುಳಿಯಾಗಲಿ ತೆಗೆದುಕೊಂಡು ಮೈಯ ನಡುಭಾಗವನ್ನು ಮೆಲ್ಲಗೆ ಸವರಿದರೆ, ಇದು ಊಟದ ಹೊತ್ತಲ್ಲ ಎಂದು ಕ್ರಮೇಣ ಕಲಿಯುತ್ತದೆ. ತಲೆಯನ್ನು ಮುಟ್ಟಬಾರದು. ಊಟ ಕೊಡುವ ದಿನ ಸವರಲೇಬಾರದು, ಆಗ ವ್ಯತ್ಯಾಸ ತಿಳಿಯುತ್ತದೆ.

ಮುಂಜಾವು (ಮೈಸೂರು)
ಆದರೆ ಹಾವಿಗೆ ಕಿವಿಯೇ ಇಲ್ಲವಲ್ಲ, ಏಣಿ ತಟ್ಟಿದ್ದು ಹೇಗೆ ಕೇಳಿಸಿತು?

ಕೆರೆಯಂಗಳ (ಬೆಂಗಳೂರು)
ಹೊರಕಿವಿ ಇಲ್ಲ, ಒಳಕಿವಿ ಇದೆ. ಏಣಿಯ ಕಂಪನ ತೊಲೆಗೆ, ತೊಲೆಯಿಂದ ಮೈಗೆ ಹೋಗುತ್ತದೆ. ಗಾಳಿಯಲ್ಲಿ ಬರುವ ಸದ್ದೂ ಕೇಳಿಸುತ್ತದೆ ಎಂದು 2023ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 19 ಹಾವುಗಳ ಮೇಲೆ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಸದ್ದು ಕೇಳಿ ವೋಮಾ ಎಂಬ ಹೆಬ್ಬಾವು ಸದ್ದಿನ ಕಡೆಗೆ ಬಂತು, ತೈಪಾನ್‌ನಂಥ ವಿಷದ ಹಾವುಗಳು ದೂರ ಸರಿದವು. ಹಾಗೆಂದು ಪುಂಗಿಯ ರಾಗಕ್ಕೆ ನಾಗರಹಾವು ತಲೆದೂಗುತ್ತದೆ ಎಂದಲ್ಲ. ಅದು ನೋಡುವುದು ಪುಂಗಿಯ ಅಲುಗಾಟವನ್ನು.

ಮುಂಜಾವು (ಮೈಸೂರು)
ಹಾಗಾದರೆ ಟಿವಿಯ ಪಕ್ಕ ಇಟ್ಟದ್ದು ಎರಡು ಪಟ್ಟು ತಪ್ಪು.

ತುಂಗಾ ಪಾನ (ಶೃಂಗೇರಿ)
ನಾಗರ ಪಂಚಮಿ ಹತ್ತಿರ ಬರುತ್ತಿದೆ. ಒಂದು ಬಟ್ಟಲು ಹಾಲಿಟ್ಟು ನೋಡಿ. ನಂಬಿಕೆಯಿಂದ ಕೊಟ್ಟರೆ ಕುಡಿಯುತ್ತದೆ, ಶಾಂತವಾಗುತ್ತದೆ.

ಪಶುವೈದ್ಯ (ಧಾರವಾಡ)
ದಯವಿಟ್ಟು ಹಾಲಿಡಬೇಡಿ. ಹಾವು ಸಸ್ತನಿಯಲ್ಲ, ಹಾಲನ್ನು ಜೀರ್ಣಿಸುವ ವ್ಯವಸ್ಥೆ ಅದರಲ್ಲಿಲ್ಲ. ಹಬ್ಬದ ಕಾಲದಲ್ಲಿ ಹಾವಾಡಿಗರ ಬುಟ್ಟಿಯಿಂದ ಬಿಡಿಸಿ ತಂದ ನಾಗರಹಾವುಗಳನ್ನು ನೋಡಿದ್ದೇನೆ. ದಿನಗಟ್ಟಲೆ ನೀರಿಲ್ಲದೆ ಒಣಗಿಸಿರುತ್ತಾರೆ, ಬಾಯಾರಿಕೆಗೆ ಕೊಟ್ಟದ್ದನ್ನು ಕುಡಿಯುತ್ತದೆ. ಹಾಲು ಶ್ವಾಸಕೋಶಕ್ಕೆ ಹೋಗಿ ಸಾಯುತ್ತದೆ. ಹುತ್ತಕ್ಕೆ ಹಾಲೆರೆಯುವ ಭಕ್ತಿಯ ಬಗ್ಗೆ ನಾನು ಮಾತಾಡುತ್ತಿಲ್ಲ, ನಮ್ಮ ಮನೆಯಲ್ಲೂ ತನಿ ಎರೆಯುತ್ತೇವೆ, ಕಲ್ಲಿಗೆ. ಜೀವಂತ ಹಾವಿಗೆ ಬೇಕಾದದ್ದು ಶುದ್ಧ ನೀರು.

ಈಗ ಮುಖ್ಯ ವಿಚಾರ. ಇದ್ದಕ್ಕಿದ್ದಂತೆ ಕಚ್ಚುವ ಹಾವಿಗೆ ನೋವೇನಾದರೂ ಇದೆಯೇ ಎಂದು ಮೊದಲು ನೋಡಬೇಕು. ಬಾಯಿಯ ಅಂಚಿನಲ್ಲಿ ಕೀವು, ಗುಳ್ಳೆ, ಉಸಿರಾಡುವಾಗ ಸಿಳ್ಳೆಯಂಥ ಸದ್ದು, ಹುರುಪೆಗಳ ಸಂದಿಯಲ್ಲಿ ಗಸಗಸೆಯಂಥ ಕಪ್ಪು ನುಸಿಗಳು, ನೀರಿನ ಬಟ್ಟಲಲ್ಲೇ ಸದಾ ಮಲಗುವುದು, ಇವುಗಳಲ್ಲಿ ಯಾವುದೇ ಇದ್ದರೂ ಸರೀಸೃಪ ನೋಡುವ ವೈದ್ಯರ ಬಳಿ ಒಯ್ಯಿರಿ. ಮೂತಿಯ ಗಾಯವನ್ನೂ ತೋರಿಸಿ.

ಕಚ್ಚಿ ಹಿಡಿದುಕೊಂಡಾಗ ಕೈ ಎಳೆಯಬಾರದು. ಹಲ್ಲುಗಳೆಲ್ಲ ಗಂಟಲ ಕಡೆಗೆ ಬಾಗಿರುತ್ತವೆ, ಎಳೆದರೆ ನಿಮ್ಮ ಚರ್ಮವೂ ಹರಿಯುತ್ತದೆ, ಅದರ ಹಲ್ಲೂ ಮುರಿಯುತ್ತದೆ. ತಣ್ಣೀರನ್ನು ತಲೆಯ ಮೇಲೆ ಹರಿಸಿ, ಬಿಡುತ್ತದೆ. ಆಮೇಲೆ ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಟೆಟನಸ್ ಚುಚ್ಚುಮದ್ದಿನ ಅವಧಿ ಮುಗಿದಿದೆಯೇ ನೋಡಿ. ಊದಿಕೊಂಡು ಕೆಂಪಾದರೆ ಹಲ್ಲು ಒಳಗೆ ಉಳಿದಿರಬಹುದು, ಡಾಕ್ಟರಿಗೆ ತೋರಿಸಿ. ಊಟವಾದ ಮೇಲೆ 48 ಗಂಟೆ ಎತ್ತಬೇಡಿ, ವಾಂತಿ ಮಾಡಿಕೊಳ್ಳುತ್ತದೆ, ಮರಿಗೆ ಅದು ದೊಡ್ಡ ಪೆಟ್ಟು.

ತುಂಗಾ ಪಾನ (ಶೃಂಗೇರಿ)
ಡಾಕ್ಟರೇ, ಒಪ್ಪಿದೆ. ನಾನೂ ಇನ್ನು ಕಲ್ಲಿಗೇ ಎರೆಯುತ್ತೇನೆ.

ಕೆಂಪು ಹೆಂಚು (ಬರ್ಮಿಂಗ್‌ಹ್ಯಾಮ್)
ಕೈಗವಸು ಹಾಕಿಕೊಂಡರೆ ಆಗುವುದಿಲ್ಲವೇ?

ಡಲ್ಲಾಸ್ ಕನ್ನಡಿಗ
ಹಾಕಿಕೊಳ್ಳಲಿ. ಹುಡುಗನ ಭಯ ಹೋಗುತ್ತದೆ. ಕೈ ಹಿಂದಕ್ಕೆ ಎಳೆಯದಿರುವುದೇ ಅರ್ಧ ಗೆಲುವು.

ಹುತ್ತದ ಮಣ್ಣು (ಬ್ರಿಸ್ಬೇನ್)
ಮೊದಲ ಒಂದೆರಡು ವಾರಕ್ಕೆ ಸರಿ, ತೆಳುವಾದದ್ದು ಮಾತ್ರ. ದಪ್ಪ ತೊಗಲಿನದರಲ್ಲಿ ಹಾವನ್ನು ಎಷ್ಟು ಒತ್ತುತ್ತಿದ್ದೇವೆ ಎಂಬುದೇ ಗೊತ್ತಾಗುವುದಿಲ್ಲ. ಉದ್ದ ತೋಳಿನ ಸ್ವೆಟರ್ ಸಾಕು. ಕಚ್ಚಿದ ಕೂಡಲೇ ವಾಪಸ್ ಇಡಬಾರದು ಎಂದಿರಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಕೈಯನ್ನು ಅಲುಗಾಡಿಸದೆ ಅಲ್ಲೇ ಇಟ್ಟು, ಒಮ್ಮೆ ನಾಲಿಗೆ ಆಡಿಸಿದರೆ, ಆ ಕ್ಷಣದಲ್ಲಿ ಇಳಿಸಬೇಕು. ಆದರೆ ಒಲ್ಲದ ಹಾವನ್ನು ಬಲವಂತವಾಗಿ ಎತ್ತುವುದನ್ನು ಮಾತ್ರ ಒಪ್ಪುವುದಿಲ್ಲ.

ಡಲ್ಲಾಸ್ ಕನ್ನಡಿಗ
ಸರಿ, ಅಷ್ಟಕ್ಕೆ ನನ್ನ ಒಪ್ಪಿಗೆಯೂ ಇದೆ. ಆದರೆ ಎಂದಾದರೂ ಎತ್ತಲೇಬೇಕಲ್ಲ. ಪೆಟ್ಟಿಗೆ ತೊಳೆಯಲು, ವೈದ್ಯರ ಬಳಿ ಒಯ್ಯಲು. ಎರಡು ಮೀಟರ್ ಬೆಳೆದ ಮೇಲೆ ಕಲಿಸುವುದಕ್ಕಿಂತ ಈಗಲೇ ಕಲಿಸುವುದು ಒಳ್ಳೆಯದು ಎಂಬುದು ನನ್ನ ವಾದ.

ಶರಾವತಿ ತೀರ
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿಯೇ ಪೆಟ್ಟಿಗೆಯನ್ನು ಮಗನ ಕೋಣೆಗೆ ಸಾಗಿಸಿದೆವು. ಮೂರು ಬದಿಗೆ ಕಪ್ಪು ಕಾಗದ, ಎರಡು ಅಡಗುತಾಣ. ಥರ್ಮಾಮೀಟರ್ ನೆಲಕ್ಕಿಟ್ಟು ನೋಡಿದರೆ ಬಿಸಿ ಕಡೆಯೇ 23 ಇತ್ತು! ಇಷ್ಟು ದಿನ ಆ ಜೀವ ಚಳಿಯಲ್ಲಿ ನಡುಗುತ್ತಿತ್ತು ಎಂದು ತಿಳಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಇಲ್ಲಿ ಈಗ ಕಡು ಚಳಿಗಾಲ ಬೇರೆ. ಥರ್ಮೋಸ್ಟಾಟ್ ತಂದು ಸರಿಮಾಡಿದ್ದೇವೆ. ನಾಳೆ ವೈದ್ಯರ ಬಳಿ ಒಯ್ಯುತ್ತೇವೆ.

ಇನ್ನೊಂದು ಕೇಳಬೇಕು, ಇದನ್ನು ಯಾರ ಬಳಿ ಕೇಳಲಿ ತಿಳಿಯುತ್ತಿಲ್ಲ. ನಾವು ಶುದ್ಧ ಸಸ್ಯಾಹಾರಿಗಳು. ಹೆಪ್ಪುಗಟ್ಟಿಸಿದ ಇಲಿಮರಿಗಳನ್ನು ಗ್ಯಾರೇಜಿನಲ್ಲಿ ಪುಟ್ಟ ಫ್ರೀಜರ್ ಇಟ್ಟು ಅದರಲ್ಲಿಟ್ಟಿದ್ದೇವೆ. ಅತ್ತೆಯವರು ಮಡಿ ಮೈಲಿಗೆ ನೋಡುವವರು. ಹಾವು ಇದೆ ಎಂಬುದನ್ನೇ ಇನ್ನೂ ಹೇಳಿಲ್ಲ.

ಮುಂಜಾವು (ಮೈಸೂರು)
ಅಕ್ಕಾ, ಬರುವ ಮೊದಲೇ ಹೇಳಿಬಿಡಿ. ಗ್ಯಾರೇಜಿನಲ್ಲಿ ತಾವಾಗಿಯೇ ಫ್ರೀಜರ್ ತೆರೆದು ನೋಡಿದರೆ ಏನಾಗಬಹುದು ಯೋಚಿಸಿ. ಬೇರೆ ಪಾತ್ರೆ, ಬೇರೆ ಇಕ್ಕಳ, ಕರಗಿಸುವುದೂ ಗ್ಯಾರೇಜಿನಲ್ಲೇ ಎಂದು ವಿವರವಾಗಿ ತಿಳಿಸಿ.

ಅಡಕೆ ಚಪ್ಪರ (ತೀರ್ಥಹಳ್ಳಿ)
ನಿಮ್ಮ ಅತ್ತೆಯವರು ಸಾಗರದ ಕಡೆಯವರಾದರೆ ತೋಟದಲ್ಲಿ ನೀವು ನೋಡಿದ್ದಕ್ಕಿಂತ ಹೆಚ್ಚು ಹಾವು ನೋಡಿರುತ್ತಾರೆ. ಅವರಿಗೆ ಹಾವಿನ ಭಯಕ್ಕಿಂತ ಅದನ್ನು ಕೂಡಿಹಾಕಿದ್ದಕ್ಕೆ ದೋಷ ಬರುತ್ತದೆ ಎಂಬ ಭಯ ಇರಬಹುದು. ಅದನ್ನು ಮಾತಿಗೆ ತೆಗೆದುಕೊಳ್ಳಿ, ಮುಚ್ಚಿಡಬೇಡಿ.

ಬಯಲುಸೀಮೆ (ಚಿತ್ರದುರ್ಗ)
ಹೆಪ್ಪುಗಟ್ಟಿಸಿದ್ದೇಕೆ, ಜೀವಂತ ಇಲಿ ಬಿಟ್ಟರೆ ತಾನೇ ಹಿಡಿದು ತಿನ್ನುವುದಿಲ್ಲವೇ?

ಪಶುವೈದ್ಯ (ಧಾರವಾಡ)
ಹೆದರಿದ ಇಲಿ ಹಾವನ್ನು ಕಚ್ಚಿ ಕಣ್ಣು ತೆಗೆದ ಪ್ರಸಂಗಗಳಿವೆ. ಇಲಿಗೂ ಹಿಂಸೆ. ಕರಗಿಸಿ, ಸ್ವಲ್ಪ ಬೆಚ್ಚಗೆ ಮಾಡಿ, ಉದ್ದ ಇಕ್ಕಳದಲ್ಲಿ ಕೊಡುವುದೇ ಸರಿ. ಗಾತ್ರ ಹಾವಿನ ಮೈಯ ದಪ್ಪ ಭಾಗದಷ್ಟಿರಲಿ. ಕೊಟ್ಟ ಮೇಲೆ ಕೈ ತೊಳೆಯಬೇಕು. ಇಲಿಯ ವಾಸನೆಯ ಬೆಚ್ಚಗಿನ ಬೆರಳು ಹಾವಿಗೆ ಇಲಿಯೇ.

ಕೆರೆಯಂಗಳ (ಬೆಂಗಳೂರು)
ಮೇಷ್ಟ್ರು ಮಲೆನಾಡಿನ ಮಾತೆತ್ತಿದ್ದರಿಂದ ಒಂದು ಸಂತೋಷದ ವಿಚಾರ. ಇಷ್ಟು ಕಾಲ ಒಂದೇ ಜಾತಿ ಎಂದುಕೊಂಡಿದ್ದ ಕಾಳಿಂಗ ಸರ್ಪವನ್ನು 2024ರಲ್ಲಿ ನಾಲ್ಕು ಜಾತಿ ಎಂದು ವಿಂಗಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ವೈಜ್ಞಾನಿಕ ಹೆಸರು ಒಫಿಯೋಫ್ಯಾಗಸ್ ಕಾಳಿಂಗ. ನಮ್ಮ ಕನ್ನಡದ ಹೆಸರೇ ಪ್ರಪಂಚಕ್ಕೆಲ್ಲ.

ಅಡಕೆ ಚಪ್ಪರ (ತೀರ್ಥಹಳ್ಳಿ)
ಆಗುಂಬೆ ನಮಗೆ ಹತ್ತಿರವೇ. ಅಲ್ಲಿ ಕಾಳಿಂಗ ತರಗೆಲೆ ಒಟ್ಟುಮಾಡಿ ಗೂಡು ಕಟ್ಟುತ್ತದೆ, ಮೊಟ್ಟೆ ಕಾಯುತ್ತದೆ. ಹಾವಿಗೆ ಪ್ರೀತಿ ಇಲ್ಲ ಎನ್ನುವವರು ಅದನ್ನು ನೋಡಬೇಕು.

ಹುತ್ತದ ಮಣ್ಣು (ಬ್ರಿಸ್ಬೇನ್)
ಹೆಣ್ಣು ಹೆಬ್ಬಾವೂ ಮೊಟ್ಟೆಗೆ ಸುತ್ತಿಕೊಂಡು ಕಾಯುತ್ತದೆ, ಕಾರ್ಪೆಟ್ ಪೈಥಾನ್ ಆದರೆ ಮೈ ನಡುಗಿಸಿ ಬಿಸಿಯನ್ನೂ ಕೊಡುತ್ತದೆ ಮೇಷ್ಟ್ರೇ. ಆದರೆ ನಮ್ಮನ್ನು ಪ್ರೀತಿಸುತ್ತದೆ ಎಂದು ನಾನು ಹೇಳಲಾರೆ. ನಾನು ಅದರ ಪಾಲಿಗೆ ಅಪಾಯವಿಲ್ಲದ ಮರವಾದರೆ ಸಾಕು ಎಂದುಕೊಂಡಿದ್ದೇನೆ.

ಶರಾವತಿ ತೀರ (ಐದು ವಾರದ ನಂತರ)
ವಿಷಯ ತಿಳಿಸುತ್ತೇನೆ ಎಂದಿದ್ದೆ, ತಡವಾಯಿತು.

ವೈದ್ಯರು ಮೂತಿಯ ಗಾಯ ಬಿಟ್ಟರೆ ಬೇರೇನೂ ಇಲ್ಲ ಎಂದರು. ಪೊರೆ ಬಂದದ್ದು ಹನ್ನೆರಡನೆಯ ದಿನಕ್ಕೆ, ಒಂದೇ ತುಂಡಾಗಿ, ಕಾಲುಚೀಲ ತೆಗೆದ ಹಾಗೆ ಒಳಗು ಹೊರಗಾಗಿ. ಕಣ್ಣಿನ ಎರಡು ಪುಟ್ಟ ಗುಂಡಗಿನ ಬಿಲ್ಲೆಗಳೂ ಅದರಲ್ಲಿದ್ದವು. ಮಗ ಬೆಳಕಿಗೆ ಹಿಡಿದು ತೋರಿಸಿದ. ಅದಾದ ಎರಡನೆಯ ದಿನವೇ ತಿಂದಿತು. ಆಮೇಲೆ ಪ್ರತಿ ವಾರ ತಪ್ಪಿಲ್ಲ. ಗಾಜಿಗೆ ಬಡಿಯುವುದು ನಿಂತೇಹೋಗಿದೆ.

ಮುಟ್ಟದೆ ಇರುವುದು ಮಗನಿಗೆ ಬಹಳ ಕಷ್ಟವಾಯಿತು. ರಾತ್ರಿ ಪೆಟ್ಟಿಗೆಯ ಪಕ್ಕ ಕುಳಿತು ಓದುತ್ತಿದ್ದ, ಅಷ್ಟೇ. ತಾನು ಹಾಕಿಕೊಂಡ ಹಳೆಯ ಬನಿಯನ್ ಒಂದನ್ನು ಒಳಗಿಟ್ಟ, ವಾಸನೆ ಪರಿಚಯವಾಗಲಿ ಎಂದು. ನಾಲ್ಕು ದಿನ ಅದರ ಹತ್ತಿರ ಸುಳಿಯಲಿಲ್ಲ, ಐದನೆಯ ದಿನ ನೋಡಿದರೆ ಅದರ ಮಡಿಕೆಯೊಳಗೇ ಮಲಗಿತ್ತು.

ಮೂರನೆಯ ಊಟದ ನಂತರ ಕಾಗದದ ಸುರುಳಿಯಿಂದ ಶುರುಮಾಡಿದೆವು. ಮೊದಲ ಸಲ ಸುರುಳಿಯನ್ನೇ ಕಚ್ಚಿತು. ನಾಲ್ಕನೆಯ ಸಲ ಬರೀ ಕುತ್ತಿಗೆ ಮಡಚಿತು. ಆರನೆಯ ಸಲ ಏನೂ ಮಾಡಲಿಲ್ಲ. ಎರಡು ದಿನಕ್ಕೊಮ್ಮೆ ಐದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಇಷ್ಟರಲ್ಲಿ ಕಚ್ಚಿದ್ದು ಒಂದು ಸಲ. ಅಂದು ಅವನು ಕೈ ತೊಳೆಯಲು ಮರೆತಿದ್ದ, ತಪ್ಪು ನನ್ನದೇ ಅಮ್ಮ ಎಂದ. ಕೈ ಎಳೆಯಲಿಲ್ಲ, ಕೂಗಲಿಲ್ಲ, ನೀರು ಹಾಕು ಎಂದಷ್ಟೇ ಹೇಳಿದ.

ಡಲ್ಲಾಸ್ ಕನ್ನಡಿಗ
ಭೇಷ್ ಹುಡುಗ! ಹುತ್ತದ ಮಣ್ಣು ಅವರೇ, ನಿಮ್ಮ ದಾರಿಯೇ ಸರಿ ಎಂದು ಒಪ್ಪಿಕೊಳ್ಳುತ್ತೇನೆ, ಈ ಜಾತಿಯ ಮಟ್ಟಿಗೆ.

ಹುತ್ತದ ಮಣ್ಣು (ಬ್ರಿಸ್ಬೇನ್)
ಕಣ್ಣು ತುಂಬಿ ಬಂತು. ಇನ್ನೂ ಅವಸರ ಬೇಡ. ಮುಂದಿನ ಪೊರೆಯ ಹೊತ್ತಿಗೆ ಮತ್ತೆ ಕಚ್ಚಬಹುದು, ಧೈರ್ಯಗೆಡಬೇಡಿ. 20 ವರ್ಷಕ್ಕಿಂತ ಹೆಚ್ಚು ಬದುಕುವ ಪ್ರಾಣಿ, ಎರಡು ತಿಂಗಳು ಏನೂ ಅಲ್ಲ. ಅತ್ತೆಯವರು ಬಂದರೇ?

ಶರಾವತಿ ತೀರ
ಬಂದು ಹತ್ತು ದಿನವಾಯಿತು. ಮೇಷ್ಟ್ರು ಹೇಳಿದ ಹಾಗೆ ಫೋನಿನಲ್ಲೇ ಎಲ್ಲ ಹೇಳಿದ್ದೆ. ಮೊದಲ ಮೂರು ದಿನ ಆ ಕೋಣೆಯ ಕಡೆ ಹೋಗಲಿಲ್ಲ. ನಾಲ್ಕನೆಯ ದಿನ ಬಾಗಿಲಲ್ಲಿ ನಿಂತು, ಅದಕ್ಕೆ ನೀರಿಟ್ಟಿದ್ದೀಯೇನೋ ಎಂದು ಮೊಮ್ಮಗನನ್ನು ಕೇಳಿದರು. ಈಗ ದಿನಾ ಬೆಳಿಗ್ಗೆ ಸ್ನಾನಕ್ಕೆ ಮೊದಲು ಹೋಗಿ ನೋಡಿಕೊಂಡು ಬರುತ್ತಾರೆ. ಗ್ಯಾರೇಜಿಗೆ ಮಾತ್ರ ಕಾಲಿಟ್ಟಿಲ್ಲ.

ನಿನ್ನೆ ಸಂಜೆ ಮಗ ಬಾಗಿಲು ತೆರೆದು, ಸವರಿ, ಅಂಗೈಯನ್ನು ನೆಲಕ್ಕೆ ಇಟ್ಟು ಸುಮ್ಮನೆ ಕುಳಿತ. ಅತ್ತೆ ಮಂಚದ ತುದಿಯಲ್ಲಿದ್ದರು, ನಾನು ಬಾಗಿಲಲ್ಲಿ. ಬಂಗಾರಿ ಅಡಗುತಾಣದಿಂದ ತಲೆ ಹೊರಗೆ ಹಾಕಿತು. ನಾಲಿಗೆ ಒಮ್ಮೆ ಕಿರುಬೆರಳಿಗೆ ತಾಗಿತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ಆಮೇಲೆ ಗದ್ದವನ್ನು ಅವನ ಮಣಿಕಟ್ಟಿನ ಮೇಲಿಟ್ಟು, ಉಳಿದ ಮೈಯನ್ನು ಒಂದೊಂದೇ ಅಂಗುಲ ಎಳೆದುಕೊಂಡು ತೋಳಿಗೆ ಹತ್ತಿತು. ನಾಲ್ಕು ನಿಮಿಷ ಯಾರೂ ಮಾತಾಡಲಿಲ್ಲ. ಅವನು ಇಳಿಸಲು ಕೈ ಕೆಳಗೆ ಮಾಡಿದಾಗ ಅತ್ತೆ, ಅವಸರ ಏನೋ, ಇರಲಿ ಬಿಡು ಎಂದರು.

ಅಡಕೆ ಚಪ್ಪರ (ತೀರ್ಥಹಳ್ಳಿ)
ಅವರಿಗೆ ನನ್ನ ನಮಸ್ಕಾರ ತಿಳಿಸಿ ತಂಗೀ. ಸಾಗರದಲ್ಲಿ ಯಾವ ಊರು?